ಉಗಾದಿ ಕರಿಯ ದಿನ ಮೊಲಗಳ ಪಾಡು

ಇನ್ನು ಮೂರು ವಾರಕ್ಕೆ ಉಗಾದಿ. ಮನೆಯಲ್ಲಿ ಸುಣ್ಣ ಹಚ್ಚೋದು, ಶ್ಯಾವಿಗೆ ಒಣಗಿಸೋದು ನಡೆದಿದೆ. ನನಗೆ ಮಾತ್ರ ಪ್ರತಿ ವರ್ಷ ಈ ಹೊತ್ತಿಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಬೇವು ಕುಡಿದ ಮರುದಿನ, ಅಂದ್ರೆ ಕರಿಯ ದಿನ, ಗಂಡಸರು ಬಡಿಗೆ, ಬಲೆ, ನಾಯಿ ಕಟ್ಟಿಕೊಂಡು ಗುಡ್ಡಕ್ಕೆ ಹೋಗುವ ರೂಢಿ ನಮ್ಮ ರಾಯಚೂರು ಜಿಲ್ಲೆಯ ಕೆಲವು ಊರುಗಳಲ್ಲಿ ಇನ್ನೂ ಇದೆ. ಬ್ಯಾಟಿ ಅಂತಾರೆ. ಸಿಗೋದು ಹೆಚ್ಚಾಗಿ ಮೊಲ. ಬಡಿದ ಮೊಲಗಳನ್ನು ಕೋಲಿಗೆ ತೂಗುಹಾಕಿ, ಹಲಗೆ ಬಾರಿಸುತ್ತಾ, ಕುಣಿಯುತ್ತಾ ಊರೊಳಗೆ ಮೆರವಣಿಗೆ ಬರುತ್ತಾರೆ. ಈಗ ಅದನ್ನು ಮೊಬೈಲಲ್ಲಿ ತೆಗೆದು ಸ್ಟೇಟಸ್‌ಗೂ ಹಾಕುತ್ತಾರೆ.

ನಾನೂ ಒಮ್ಮೆ ಹೋಗಿದ್ದೆ. ಆಗ ನನಗೆ 11 ವರ್ಷ. ದೊಡ್ಡವರು ಸಾಲಾಗಿ ನಿಂತು ಪೊದೆಗಳನ್ನು ಬಡಿಯುತ್ತಾ ಬರುತ್ತಿದ್ದರು, ನಾವು ಹುಡುಗರು ಬಲೆಯ ಹತ್ತಿರ ಕೂತಿದ್ದೆವು. ಒಂದು ಮೊಲ ಎದ್ದು ನೇರ ನಮ್ಮ ಕಡೆ ಓಡಿ ಬಂತು. ಬಲೆಗೆ ಬಿದ್ದ ತಕ್ಷಣ ಕೂಗಿತು. ಮೊಲ ಕೂಗುತ್ತದೆ ಅಂತಲೇ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ತೊಟ್ಟಿಲಲ್ಲಿರುವ ಕೂಸು ಅತ್ತ ಹಾಗೇ ಇತ್ತು ಆ ದನಿ. ಬಡಿಗೆ ಬಿದ್ದ ಮೇಲೆ ನಿಂತಿತು. ಸಂಜೆ ಅದನ್ನು ಕೊಯ್ದಾಗ ಹೊಟ್ಟೆಯಲ್ಲಿ ಎರಡು ಮರಿ ಇದ್ದವು. ಮೈತುಂಬಾ ಕೂದಲು ಬಂದಿತ್ತು, ಇಷ್ಟಿಷ್ಟೇ ಕಿವಿ ಬೆನ್ನಿಗೆ ಅಂಟಿಕೊಂಡಿದ್ದವು. ಅವ್ವ ಆ ಪಾತ್ರೆಯನ್ನು ಹೊಸ್ತಿಲು ದಾಟಿಸಲು ಬಿಡಲಿಲ್ಲ. ಬೈಯಲಿಲ್ಲ, ಏನೂ ಹೇಳಲಿಲ್ಲ, ಬಾಗಿಲಿಗೆ ಅಡ್ಡ ನಿಂತಳು ಅಷ್ಟೇ.

ಮೊಲ ಹೇಗೆ ಬದುಕುತ್ತದೆ ಅಂತ ಗೊತ್ತಾದರೆ ಈ ಆಟ ಎಷ್ಟು ಅನ್ಯಾಯದ್ದು ಅಂತ ಗೊತ್ತಾಗುತ್ತದೆ. ನಮ್ಮ ಹೊಲದ ಮೊಲ, ಕುತ್ತಿಗೆಯ ಹಿಂದೆ ಕಪ್ಪು ಮಚ್ಚೆ ಇರುತ್ತಲ್ಲ ಅದು, ಬಿಲ ತೋಡುವುದಿಲ್ಲ. ಹುಲ್ಲಿನ ಬುಡದಲ್ಲೋ ಪೊದೆಯ ಕೆಳಗೋ ಮೈ ಹಿಡಿಸುವಷ್ಟು ತಗ್ಗು ಮಾಡಿಕೊಂಡು ಹಗಲೆಲ್ಲಾ ಕಿವಿ ಮಡಚಿ ಕೂತಿರುತ್ತದೆ. ಮೇಯೋದು ರಾತ್ರಿ. ಅದರ ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈಮೇಲೆ ಕೂದಲಿರುತ್ತದೆ, ಬಿಲದ ಆಸರೆ ಇಲ್ಲದೆ ಬಯಲಲ್ಲೇ ಬೆಳೆಯಬೇಕಲ್ಲ, ಅದಕ್ಕೆ. ಅಂದ್ರೆ ಅದಕ್ಕಿರುವುದು ಎರಡೇ ದಾರಿ, ಅಲ್ಲಾಡದೆ ಕೂರುವುದು ಇಲ್ಲಾ ಓಡುವುದು. ಉಗಾದಿ ಹೊತ್ತಿಗೆ ಹಿಂಗಾರಿ ಜೋಳ ಕೊಯ್ದು ಎರೆಹೊಲವೆಲ್ಲಾ ಬೋಳು ಬೋಳು. ಹಳ್ಳದಲ್ಲಿ ನೀರಿಲ್ಲ, ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಅಡಗಲು ಉಳಿದಿರುವುದು ಗುಡ್ಡದ ನಾಲ್ಕು ಪೊದೆ. ಅಲ್ಲಿಗೇ ನೂರಾರು ಜನ ಹೋಗಿ ಸುತ್ತುವರಿದರೆ ಅದು ಎಲ್ಲಿಗೆ ಓಡಬೇಕು?

"ನಾವು ಕೊಲ್ಲಲ್ಲ, ಹಿಡಿದು ಪೂಜೆ ಮಾಡಿ ಬಿಡ್ತೀವಿ" ಅನ್ನುವ ಊರುಗಳೂ ಇವೆ. ಅವರ ಮನಸ್ಸು ಒಳ್ಳೆಯದೇ, ಆ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಜೀವಭಯದಿಂದ ಓಡಿ ಓಡಿ ಸುಸ್ತಾದ ಕಾಡುಪ್ರಾಣಿಯ ಸ್ನಾಯುಗಳೇ ಕೆಟ್ಟುಹೋಗುತ್ತವೆ, ಬಿಟ್ಟ ಮೇಲೂ ಕೆಲವು ಗಂಟೆಯಲ್ಲೋ ಕೆಲವು ದಿನದಲ್ಲೋ ಅದು ಸಾಯಬಹುದು. ಗುಡ್ಡದ ಆ ಕಡೆ ಸತ್ತರೆ ನಮಗೆ ಕಾಣಲ್ಲ, ಅಷ್ಟೇ ವ್ಯತ್ಯಾಸ.

ಕಾನೂನಿನ ವಿಷಯ ಬೇಗ ಹೇಳಿಬಿಡುತ್ತೇನೆ, ಯಾಕಂದ್ರೆ ಊರಲ್ಲಿ ತುಂಬಾ ಜನ "ಮೊಲ ಏನು ಹುಲಿಯೇ?" ಅಂತ ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊಲಕ್ಕೂ ರಕ್ಷಣೆ ಇದೆ. ಮೊದಲು 4ನೇ ಪಟ್ಟಿಯಲ್ಲಿತ್ತು, 2022ರ ತಿದ್ದುಪಡಿಯಾದ ಮೇಲೆ 2ನೇ ಪಟ್ಟಿಗೆ ಬಂದಿದೆ. ಕೊಂದರೆ 3 ವರ್ಷದವರೆಗೆ ಜೈಲು ಆಗಬಹುದು. ಇನ್ನೊಂದು ಮಾತು: ಆ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಹಿಡಿಯುವುದು, ಉರುಳು ಹಾಕುವುದು, ಎಬ್ಬಿಸಿ ಓಡಿಸುವುದು, ಇವುಗಳಿಗೆ ಪ್ರಯತ್ನ ಮಾಡುವುದು ಕೂಡ ಬೇಟೆಯೇ. ಗುಂಪಲ್ಲಿ ಹೋದವರು ಮೊಲಕ್ಕೆ ನಿಲ್ಲುವುದೂ ಇಲ್ಲ. ಉಡ ಕಂಡರೆ ಉಡ, ಬುರ್ಲಿ ಹಕ್ಕಿ ಕಂಡರೆ ಬುರ್ಲಿ. ಉಡ ಇರುವುದು 1ನೇ ಪಟ್ಟಿಯಲ್ಲಿ, ಹುಲಿಯ ಜೊತೆಗೇ. ಅದಕ್ಕೆ 3ರಿಂದ 7 ವರ್ಷ.

"ಕಂಬಳಕ್ಕೆ ಪರ್ಮಿಷನ್ ಇದೆ, ನಮಗ್ಯಾಕಿಲ್ಲ?" ಅಂತ ಒಬ್ಬ ಹುಡುಗ ಕೇಳಿದ. ಸರಿಯಾದ ಪ್ರಶ್ನೆ. ಕಂಬಳದ ಕೋಣ ಸಾಕಿದ ಪ್ರಾಣಿ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ನಿಷೇಧಿಸಿದ ಮೇಲೆ ಕಂಬಳಕ್ಕೂ ತಡೆ ಬಂತು. 2017ರಲ್ಲಿ ನಮ್ಮ ರಾಜ್ಯ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ, ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು, 2023ರಲ್ಲಿ ಕೋರ್ಟ್ ಅದನ್ನು ಒಪ್ಪಿತು. ಅದು ಸರಿಯೋ ತಪ್ಪೋ ಬೇರೆ ವಾದ, ನನಗೆ ಕೋಣದ ಬೆನ್ನಿಗೆ ಬೀಳುವ ಬಾರುಕೋಲು ನೋಡಲಾಗದು. ಆದರೆ ಆ ತಿದ್ದುಪಡಿಗೂ ಕಾಡುಪ್ರಾಣಿಗೂ ಸಂಬಂಧವೇ ಇಲ್ಲ. ಮೊಲ ಯಾರ ಮನೆಯದೂ ಅಲ್ಲ.

ನಾಯಿ ಬಿಟ್ಟು ಮೊಲ ಹಿಡಿಸುವ ಚಟ ನಮ್ಮಲ್ಲಷ್ಟೇ ಇತ್ತು ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್ ಹತ್ತಿರ ವಾಟರ್ಲೂ ಕಪ್ ಅಂತ ಒಂದು ಪಂದ್ಯ ನಡೆಯುತ್ತಿತ್ತು. ಒಂದು ಮೊಲದ ಹಿಂದೆ ಎರಡು ನಾಯಿ ಬಿಡೋದು, ಯಾವುದು ಚೆನ್ನಾಗಿ ಬೆನ್ನಟ್ಟುತ್ತದೆ ಅಂತ ಅಂಕ ಕೊಡೋದು. 1836ರಲ್ಲಿ ಶುರುವಾಗಿದ್ದು, ಕೊನೆಯ ಪಂದ್ಯ ನಡೆದದ್ದು 2005ರಲ್ಲಿ. ನಾಯಿ ಬಿಟ್ಟು ಕಾಡುಪ್ರಾಣಿ ಬೇಟೆಯಾಡುವುದನ್ನು ಅಲ್ಲಿ 2004ರ ಕಾಯ್ದೆ ನಿಷೇಧಿಸಿತು. ಅಷ್ಟು ಹಳೆಯ ಪಂದ್ಯವೂ ನಿಂತಿತು. ನಮ್ಮ ಮುಧೋಳದ ನಾಯಿಯೂ ಓಡಲೆಂದೇ ಹುಟ್ಟಿದ್ದು, ಅದರಲ್ಲಿ ನಾಯಿಯ ತಪ್ಪೇನಿಲ್ಲ. 2016ರಲ್ಲಿ ಸೇನೆಯವರು ಮುಧೋಳದ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಅದರ ಓಟಕ್ಕೆ ಬೇರೆ ಕೆಲಸವೂ ಇದೆ ಅಂತ ಆಯಿತಲ್ಲ.

ಈ ಬೇಟೆ ನಿಲ್ಲಿಸಲು ಹೊರಟ ಮೊದಲ ವರ್ಷ ನಾವು ನಾಲ್ಕು ಜನ ಗೆಳೆಯರು ಮಾಡಿದ ತಪ್ಪು ಏನಂದ್ರೆ, ಬೇಟೆಯ ದಿನ ಬೆಳಿಗ್ಗೆ ಹೋಗಿ ಅಡ್ಡ ನಿಂತದ್ದು. ಜಗಳವಾಯಿತು. ಒಂದು ಮೊಲವೂ ಉಳಿಯಲಿಲ್ಲ. ಮರುವರ್ಷ ಹಬ್ಬಕ್ಕೆ ಎರಡು ವಾರ ಮೊದಲೇ ಹೋಗಿ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಹಿರಿಯರ ಜೊತೆ ಕೂತೆವು. ಕಾನೂನಿನ ಸುದ್ದಿ ಎತ್ತಲಿಲ್ಲ. ಸುಮ್ನೆ ಕೇಳಿದೆವು, "ಮುತ್ಯಾ, ನೀವು ಸಣ್ಣವರಿದ್ದಾಗ ಎಷ್ಟು ಮೊಲ ಸಿಗ್ತಿದ್ವು?" ಮುತ್ಯಾ ಸ್ವಲ್ಪ ಹೊತ್ತು ತಂಬಾಕು ತಿಕ್ಕುತ್ತಾ ಕೂತರು. "ಆಗ ಹೊಲಕ್ಕ ಹೋದ್ರ ಕಾಲಾಗ ಸಿಗ್ತಿದ್ವು ತಮ್ಮಾ. ಈಗ ಗುಡ್ಡೆಲ್ಲ ತಿರುಗಿದ್ರೂ ಮೂರ್ನಾಕು. ತೋಳ ಅಂತೂ ಕಣ್ಣಿಗೇ ಬೀಳವಲ್ದು" ಅಂದರು. ತೋಳದ ಮಾತನ್ನು ಅವರೇ ತೆಗೆದರು, ನಾವಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ಮಾಡಿದ್ದಾರೆ. ಮೊಲ ಇಲ್ಲದ ಗುಡ್ಡದಲ್ಲಿ ತೋಳ ಏನು ತಿನ್ನಬೇಕು? ಕುರಿಹಟ್ಟಿಗೇ ಬರುತ್ತದೆ. ಇದು ಕುರಿ ಕಾಯುವ ಮುತ್ಯಾನಿಗೆ ನಮಗಿಂತ ಜಾಸ್ತಿ ಗೊತ್ತು.

ಆ ವರ್ಷ ಅವರೇ ಡಂಗುರ ಹೊಡೆಸಿದರು. ಕರಿಯ ದಿನ ಹಲಗೆ ಬಾರಿಸಿದರು, ಮೆರವಣಿಗೆಯೂ ಆಯಿತು, ಆದರೆ ಅದು ಹೋಗಿ ಮುಟ್ಟಿದ್ದು ಗುಡಿಯ ಮುಂದಿನ ಬಯಲಿಗೆ. ಅಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯ. ಬಡಿಗೆ ಹಿಡಿದು ಬರುತ್ತಿದ್ದ ಹುಡುಗರೇ ಕಲ್ಲಿನ ಮುಂದೆ ಸಾಲು ನಿಂತರು. ಐದಾರು ಜನ ಕಣ್ಣು ತಪ್ಪಿಸಿ ಗುಡ್ಡಕ್ಕೆ ಹೋಗಿದ್ದರು, ಹೌದು. ಹೋದ ವರ್ಷ ಇಬ್ಬರು.

ಹಂದಿ ಬೆಳೆ ಹಾಳು ಮಾಡುತ್ತೆ ಅನ್ನುವ ರೈತರ ದೂರು ನಿಜವಾದದ್ದು, ಅದನ್ನು ಇದರ ಜೊತೆ ಸೇರಿಸಬೇಡಿ. ಅದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವ ದಾರಿ ಇದೆ. ಕೋಲಿಗೆ ತೂಗುಬಿದ್ದ ಮೊಲ ಯಾರ ಬೆಳೆಯನ್ನೂ ತಿಂದು ಮುಗಿಸಿರಲಿಲ್ಲ.

ನಿಮ್ಮ ಊರಲ್ಲೂ ಇದು ನಡೆಯುತ್ತಿದ್ದರೆ ಈಗಲೇ ಹಿರಿಯರ ಹತ್ತಿರ ಹೋಗಿ ಕೂರಿ, ಹಬ್ಬದ ದಿನದವರೆಗೆ ಕಾಯಬೇಡಿ. ಬೇಟೆ ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಸತ್ತ ಪ್ರಾಣಿಯ ವಿಡಿಯೋ ಮಾತ್ರ ದಯವಿಟ್ಟು ಹಂಚಬೇಡಿ, ಅದನ್ನು ನೋಡಿ ಇನ್ನೊಂದು ಊರಿನ ಹುಡುಗರು ಹುರುಪಾಗುತ್ತಾರೆ.

ಈ ಭಾನುವಾರ ನಾವು ಪಕ್ಕದ ಎರಡು ಊರಿಗೆ ಹೋಗುತ್ತಿದ್ದೇವೆ. ಒಂದೂರಿನ ಹಿರಿಯರು "ಬರ್ರಿ, ಚಾ ಕುಡಿಯಾಕ ಆದ್ರೂ ಬರ್ರಿ" ಅಂದಿದ್ದಾರೆ. ಇನ್ನೊಂದೂರಿನವರು ಇನ್ನೂ ಫೋನ್ ಎತ್ತಿಲ್ಲ. ಮೊದಲು ಅಲ್ಲಿಗೇ ಹೋಗುತ್ತೇವೆ.