ಪ್ರಾಸ್ಟೇಟ್ ಗ್ರಂಥಿಯ ಹುಳಿ ಮತ್ತು ಒಂದು ಸ್ಕ್ಯಾನಿನ ಪ್ರಶ್ನೆ

ನಮ್ಮ ತಂದೆಯವರಿಗೆ 71 ವರ್ಷವಾಗಿದ್ದಾಗ ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಇರುವುದು ತಿಳಿಯಿತು. ಸೂಕ್ಷ್ಮದರ್ಶಕದಲ್ಲಿ ಕೋಶಗಳು ಕಾಣುವ ಬಗೆಯನ್ನು ನೋಡಿ ಕೊಡುವ ಗ್ಲೀಸನ್ ಅಂಕ 3+3 ಎಂದು ವರದಿಯಲ್ಲಿತ್ತು. ಅದು ಕಡಿಮೆ ಅಪಾಯದ ಬಗೆ. ವೈದ್ಯರು ಈಗಲೇ ಶಸ್ತ್ರಚಿಕಿತ್ಸೆ ಬೇಡವೆಂದೂ, ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನನ್ನು ಅಳೆಯುವ ಪಿಎಸ್‌ಎ ರಕ್ತಪರೀಕ್ಷೆ ಮತ್ತು ಎಂಆರ್‌ಐ ಮೂಲಕ ಗಮನಿಸುತ್ತಿದ್ದರೆ ಸಾಕೆಂದೂ ಹೇಳಿದರು. ಮನೆಯಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ. ‘ಒಂದು ಪೆಟ್ ಸ್ಕ್ಯಾನ್ ಮಾಡಿಸಿಬಿಡಿ, ಎಲ್ಲ ಗೊತ್ತಾಗುತ್ತದೆ’ ಎಂದು ಚಿಕ್ಕಪ್ಪನವರು ಒತ್ತಾಯಿಸಿದರು. ಎಲ್ಲ ಗೊತ್ತಾಗುತ್ತದೆಯೇ ಎಂಬುದನ್ನು ಅರಿಯಲು ಹೊರಟ ನನಗೆ ಆ ಗ್ರಂಥಿಯ ವಿಚಿತ್ರ ಸ್ವಭಾವದ ಪರಿಚಯವಾಯಿತು.

ಸಾಮಾನ್ಯವಾಗಿ ಪೆಟ್ ಸ್ಕ್ಯಾನ್ ಎಂದು ನಾವು ಕರೆಯುವುದು ಎಫ್‌ಡಿಜಿ ಸ್ಕ್ಯಾನನ್ನು. ವಿಕಿರಣಶೀಲ ಫ್ಲೋರಿನ್ ಸೇರಿಸಿದ ಗ್ಲೂಕೋಸಿನಂಥ ವಸ್ತುವನ್ನು ರಕ್ತಕ್ಕೆ ಬಿಟ್ಟು, ಅದನ್ನು ಹೆಚ್ಚು ಹೀರಿಕೊಳ್ಳುವ ಜಾಗಗಳನ್ನು ಹುಡುಕುವ ವಿಧಾನವದು. ಕ್ಯಾನ್ಸರ್ ಕೋಶಗಳು ಆಮ್ಲಜನಕವಿದ್ದರೂ ಗ್ಲೂಕೋಸನ್ನು ಹೇರಳವಾಗಿ ನುಂಗಿ, ಲ್ಯಾಕ್ಟೇಟ್ ಎಂಬ ವಸ್ತುವಾಗಿ ಪರಿವರ್ತಿಸುತ್ತವೆ ಎಂದು ಜರ್ಮನಿಯ ಓಟೋ ವಾರ್‌ಬರ್ಗ್ 1920ರ ದಶಕದಲ್ಲಿ ಗುರುತಿಸಿದ್ದರು. ಎಫ್‌ಡಿಜಿಗೆ ಸಿಗುವುದು ಗ್ಲೂಕೋಸಿನ ಈ ಹಸಿವೇ. ಆದರೆ ಆರಂಭದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಅಂಥ ಹಸಿವು ಹೆಚ್ಚಾಗಿ ಇರುವುದಿಲ್ಲ. ಅದೂ ಅಲ್ಲದೆ ಎಫ್‌ಡಿಜಿ ಮೂತ್ರದ ಮೂಲಕ ಹೊರಹೋಗುವುದರಿಂದ, ಗ್ರಂಥಿಗೆ ಅಂಟಿಕೊಂಡೇ ಇರುವ ಮೂತ್ರಕೋಶವು ಚಿತ್ರದಲ್ಲಿ ಪ್ರಖರವಾಗಿ ಬೆಳಗಿ ಪಕ್ಕದ್ದನ್ನು ಮರೆಮಾಡುತ್ತದೆ. ರೋಗ ಉಲ್ಬಣಿಸಿ ಹಾರ್ಮೋನ್ ಚಿಕಿತ್ಸೆಗೂ ಬಗ್ಗದಂತಾದಾಗ ಈ ಸ್ಕ್ಯಾನಿಗೆ ಬೆಲೆಯಿದೆ. ತಂದೆಯವರ ಸ್ಥಿತಿಯಲ್ಲಿ ಅದರಿಂದ ನಮಗೆ ಸಿಗುತ್ತಿದ್ದ ಉತ್ತರವನ್ನು ನಂಬುವಂತಿರಲಿಲ್ಲ.

ಕಾರಣ ಗ್ರಂಥಿಯ ಸಹಜ ಜೀವನದಲ್ಲೇ ಇದೆ. ದೇಹದ ಬಹುತೇಕ ಕೋಶಗಳಲ್ಲಿ ಸಿಟ್ರೇಟ್ ಎಂಬ ವಸ್ತು ಹುಟ್ಟಿದೊಡನೆ ಕ್ರೆಬ್ಸ್ ಚಕ್ರ ಎಂಬ ಶಕ್ತಿ ಉತ್ಪಾದನೆಯ ಸರಣಿಯಲ್ಲಿ ಮುಂದೆ ಸಾಗಿ ಶಕ್ತಿಯಾಗಿ ಬಳಕೆಯಾಗುತ್ತದೆ. ಆರೋಗ್ಯವಂತ ಪ್ರಾಸ್ಟೇಟ್ ಕೋಶವು ಹಾಗೆ ಮಾಡುವುದಿಲ್ಲ. ಅದು ತನ್ನೊಳಗೆ ಸತುವನ್ನು ಅಪಾರವಾಗಿ ಕೂಡಿಟ್ಟುಕೊಳ್ಳುತ್ತದೆ. ಆ ಸತುವು ಸಿಟ್ರೇಟನ್ನು ಮುಂದೆ ಸಾಗಿಸುವ ಅಕೋನಿಟೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಹೀಗಾಗಿ ಉರಿಯದೆ ಉಳಿದ ಸಿಟ್ರೇಟ್ ಗ್ರಂಥಿಯ ಸ್ರಾವದಲ್ಲಿ ಸೇರಿ ವೀರ್ಯಕ್ಕೆ ಹೋಗುತ್ತದೆ. ನಿಂಬೆಹಣ್ಣಿಗೆ ಹುಳಿ ಕೊಡುವ ಆಮ್ಲವೂ ಇದರದೇ ರೂಪ. (ಹಾಗಾದರೆ ನಿಂಬೆರಸ ಕುಡಿದರೆ ಒಳ್ಳೆಯದೇ ಎಂದು ಮನೆಯಲ್ಲಿ ಕೇಳಿದರು. ಇದು ಕೋಶವೇ ತಯಾರಿಸಿಕೊಳ್ಳುವ ವಸ್ತು, ಊಟದಿಂದ ಅಲ್ಲಿಗೆ ಹೋಗಿ ಸೇರುವುದಿಲ್ಲ.) ಕೋಶ ಕ್ಯಾನ್ಸರ್ ಆದಾಗ ಸತು ಕಡಿಮೆಯಾಗುತ್ತದೆ, ತಡೆ ಬಿಡುತ್ತದೆ, ಸಿಟ್ರೇಟ್ ಉರಿಯತೊಡಗುತ್ತದೆ. ಎಂದರೆ ಬೇರೆ ಅಂಗಗಳ ಕ್ಯಾನ್ಸರ್ ಹೊಸದೊಂದು ಹಸಿವನ್ನು ತೋರಿಸಿದರೆ, ಇಲ್ಲಿ ಮೊದಲು ಕಾಣುವುದು ಇದ್ದ ಹುಳಿಯ ಕೊರತೆ. ಈ ಸಂಗತಿ ಓದಿದ ದಿನ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತ ಕುಳಿತಿದ್ದೆ.

ಈ ಕೊರತೆಯನ್ನು ಸೂಜಿ ಚುಚ್ಚದೆ ಅಳೆಯುವ ದಾರಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಕುರ್ಹಾನೆವಿಚ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ರೂಪಿಸಿದರು. ಎಂಆರ್‌ಐ ಯಂತ್ರದಲ್ಲೇ ಸ್ಪೆಕ್ಟ್ರೋಸ್ಕೋಪಿ (ವಸ್ತುಗಳನ್ನು ಅವುಗಳ ಸಂಕೇತದಿಂದ ಗುರುತಿಸಿ ಅಳೆಯುವ ವಿಧಾನ) ನಡೆಸಿ, ಗ್ರಂಥಿಯ ಒಂದೊಂದು ಪುಟ್ಟ ಭಾಗದಲ್ಲೂ ಸಿಟ್ರೇಟ್ ಎಷ್ಟಿದೆ, ಕೋಶಪೊರೆಯ ನಿರ್ಮಾಣಕ್ಕೆ ಸಂಬಂಧಿಸಿದ ಕೋಲಿನ್ ಎಷ್ಟಿದೆ ಎಂದು ಅವರು ಹೋಲಿಸಿದರು. ಸಿಟ್ರೇಟ್ ಇಳಿದು ಕೋಲಿನ್ ಏರಿದ ಕಡೆ ಅನುಮಾನ ಪಡಬೇಕು. ತತ್ತ್ವ ಇಷ್ಟು ಸೊಗಸಾಗಿದ್ದರೂ, ಅಮೆರಿಕದ ಹಲವು ಕೇಂದ್ರಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಗಡ್ಡೆ ಇರುವ ಜಾಗ ಗುರುತಿಸಲು ಎಂಆರ್‌ಐ ಜೊತೆಗೆ ಇದನ್ನು ಸೇರಿಸಿದ್ದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಈ ಅಳತೆ ಇಂದು ದಿನನಿತ್ಯದ ಪರೀಕ್ಷೆಯಾಗಿ ಉಳಿದಿಲ್ಲ.

ಈಗ ಬೆಂಗಳೂರಿನಲ್ಲೂ ಸಿಗುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬೇರೆಯದೇ. ಅದು ಕೋಶ ಏನನ್ನು ತಿನ್ನುತ್ತದೆ ಎಂದು ನೋಡುವುದಿಲ್ಲ. ಕ್ಯಾನ್ಸರ್ ಕೋಶದ ಹೊರಮೈಯಲ್ಲಿ ಹೆಚ್ಚಾಗಿರುವ ಒಂದು ಪ್ರೋಟೀನನ್ನು ಹಿಡಿಯುತ್ತದೆ. ಹೀಗಾಗಿ ಕಟ್ಟುನಿಟ್ಟಾಗಿ ಹೇಳುವುದಾದರೆ ಅದನ್ನು ಚಯಾಪಚಯದ, ಎಂದರೆ ಕೋಶದೊಳಗಿನ ರಾಸಾಯನಿಕ ಚಟುವಟಿಕೆಯ, ಚಿತ್ರ ಎನ್ನಲಾಗದು. ರೋಗ ಎಲ್ಲೆಲ್ಲಿ ಹರಡಿದೆ ಎಂದು ತಿಳಿಯುವಲ್ಲಿ ಅದರ ಸಾಮರ್ಥ್ಯ ದೊಡ್ಡದು: ಹೆಚ್ಚು ಅಪಾಯದ ರೋಗವಿದ್ದ 302 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ನಿಖರತೆ 92%, ಸಿಟಿ ಮತ್ತು ಮೂಳೆ ಸ್ಕ್ಯಾನ್‌ಗಳದು 65% ಇತ್ತು. ಆದರೆ ತಂದೆಯವರದು ಹೆಚ್ಚು ಅಪಾಯದ ರೋಗವಾಗಿರಲಿಲ್ಲ.

ನಮ್ಮಂಥವರ ಪ್ರಶ್ನೆ ಕ್ಯಾನ್ಸರ್ ಎಲ್ಲಿದೆ ಎಂಬುದಲ್ಲ, ಅದು ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು. ಬ್ರಿಟನ್ನಿನಲ್ಲಿ 1,643 ಮಂದಿಯನ್ನು 15 ವರ್ಷ ಗಮನಿಸಿದ ಪ್ರೊಟೆಕ್ಟ್ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆ, ವಿಕಿರಣ, ಬರೀ ನಿಗಾ ಎಂಬ ಮೂರೂ ಗುಂಪುಗಳಲ್ಲಿ ಈ ರೋಗದಿಂದ ತೀರಿಕೊಂಡವರು ಸುಮಾರು 3% ಮಾತ್ರ. ರೋಗ ಹರಡಿದ್ದು ಮಾತ್ರ ನಿಗಾ ಗುಂಪಿನಲ್ಲಿ ಸುಮಾರು 9%, ಉಳಿದೆರಡರಲ್ಲಿ ಸುಮಾರು 5%. ಆ ಅಂತರದೊಳಗೆ ಬರುವವರು ಯಾರೆಂದು ಮೊದಲೇ ಹೇಳಬಲ್ಲ ಚಿತ್ರವೇ ನಮಗೆ ಬೇಕಾದದ್ದು.

ಆ ದಿಕ್ಕಿನಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸಿರುವುದು, ಕೋಶದಲ್ಲಿ ಗ್ಲೂಕೋಸ್ ಒಡೆದಾಗ ಹುಟ್ಟುವ ಪೈರುವೇಟ್ ಎಂಬ ವಸ್ತುವಿನ ಚಿತ್ರಣ. ಕಾರ್ಬನ್-13 ಸೇರಿಸಿದ ಪೈರುವೇಟನ್ನು ಮೈನಸ್ 272 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ತಣಿಸಿ, ಪ್ರಬಲ ಕಾಂತಕ್ಷೇತ್ರದಲ್ಲಿಟ್ಟು ಮೈಕ್ರೋವೇವ್ ಹಾಯಿಸಿದರೆ ಅದರ ಎಂಆರ್ ಸಂಕೇತ 10,000 ಪಟ್ಟಿಗೂ ಹೆಚ್ಚು ಬಲಗೊಳ್ಳುತ್ತದೆ. ನಂತರ ಅದನ್ನು ಕ್ಷಣಮಾತ್ರದಲ್ಲಿ ಕರಗಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಆ ಬಲ ಉಳಿಯುವುದು ಒಂದೆರಡು ನಿಮಿಷ. ಅಷ್ಟರಲ್ಲೇ ಪೈರುವೇಟ್ ಎಲ್ಲೆಲ್ಲಿ ಲ್ಯಾಕ್ಟೇಟ್ ಆಗುತ್ತಿದೆ ಎಂದು ಚಿತ್ರ ತೆಗೆಯಬೇಕು. ಇದರಲ್ಲಿ ವಿಕಿರಣವಿಲ್ಲ. ಮನುಷ್ಯರ ಮೇಲೆ ಇದರ ಮೊದಲ ಪರೀಕ್ಷೆ ನಡೆದದ್ದೂ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲೇ, ಅದೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 31 ಮಂದಿಯ ಮೇಲೆ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿದ್ದ ಭಾಗಗಳಲ್ಲಿ ಲ್ಯಾಕ್ಟೇಟ್ ಹೆಚ್ಚಾಗಿ ಕಂಡಿತು. ಗ್ಲೀಸನ್ ದರ್ಜೆ ಏರಿದಂತೆ ಈ ಪರಿವರ್ತನೆಯೂ ಏರುತ್ತದೆಂದು ಮುಂದಿನ ಅಧ್ಯಯನಗಳು ತೋರಿಸಿವೆ. ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ.

ಇದನ್ನೆಲ್ಲ ಚಿಕ್ಕಪ್ಪನವರಿಗೆ ಒಂದು ಸಂಜೆ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಎಫ್‌ಡಿಜಿ ಸ್ಕ್ಯಾನ್ ಮಾಡಿಸಲಿಲ್ಲ. ತಂದೆಯವರು ಆರು ತಿಂಗಳಿಗೊಮ್ಮೆ ಪಿಎಸ್‌ಎ ಪರೀಕ್ಷೆಗೆ ಹೋಗುತ್ತಿದ್ದಾರೆ. ಹೋದ ತಿಂಗಳ ಅಂಕಿ ಹಿಂದಿನದರ ಮಟ್ಟದಲ್ಲೇ ಇತ್ತು.