ಡೆಲ್ಫಿಗೆ ಹೋಗುವವರೇ, ಕೈರೋನಿಯಕ್ಕೆ ಅರ್ಧ ದಿನ ಇಡಿ

ಅಥೆನ್ಸ್‌ನಿಂದ ಡೆಲ್ಫಿಗೆ ಹೋಗುವವರು ಸಾಮಾನ್ಯವಾಗಿ ಲಿವಾದಿಯಾ ಊರಿನ ಮೇಲೇ ಹೋಗುತ್ತಾರೆ. ಅಲ್ಲಿಂದ ಉತ್ತರಕ್ಕೆ ಲಾಮಿಯಾ ಕಡೆ ಹೋಗುವ ಹಳೆಯ ಹೆದ್ದಾರಿ ಹಿಡಿದರೆ ಸುಮಾರು 14 ಕಿ.ಮೀ. ದೂರದಲ್ಲಿ ಕೈರೋನಿಯ ಸಿಗುತ್ತದೆ. ಕ್ರಿ.ಪೂ. 338ರಲ್ಲಿ ಗ್ರೀಸ್‌ನ ಹಣೆಬರಹ ಬದಲಾದದ್ದು ಈ ಬಯಲಿನಲ್ಲಿ. ಆದರೂ ಪ್ರವಾಸಿ ಬಸ್ಸುಗಳು ಈ ಕಡೆ ತಿರುಗುವುದು ಅಪರೂಪ. ನಾವು ಹೋದಾಗ ಅಲ್ಲಿ ಬೇರೆ ಪ್ರವಾಸಿಗರು ಒಬ್ಬರೂ ಇರಲಿಲ್ಲ.

ನಮಗೆ ಅಲೆಕ್ಸಾಂಡರ್ ಅಂದರೆ ಪೋರಸ್ ಮತ್ತು ಝೇಲಂ ನದಿ ನೆನಪಾಗುತ್ತವೆ, ಅಲ್ವಾ? ಅದು ಕ್ರಿ.ಪೂ. 326ರ ಮಾತು. ಅದಕ್ಕೂ 12 ವರ್ಷ ಮೊದಲು, 18ರ ಹುಡುಗನಾಗಿ, ಅವನು ಅಪ್ಪ ಫಿಲಿಪ್‌ನ ಸೈನ್ಯದ ಎಡಭಾಗ ನಡೆಸಿದ್ದು ಇಲ್ಲಿ. ಎದುರಿಗಿದ್ದವರು ಅಥೆನ್ಸ್ ಮತ್ತು ಥೀಬ್ಸ್‌ನವರು. ಫಿಲಿಪ್‌ನ ರಾಜ್ಯ ಮೆಸಿಡೋನಿಯ ಗೆದ್ದಿತು. ಗ್ರೀಕ್ ನಗರಗಳು ತಮ್ಮ ದಾರಿ ತಾವೇ ನಿರ್ಧರಿಸುವ ಕಾಲ ಅಲ್ಲಿಗೆ ಮುಗಿಯಿತು. ಇಷ್ಟು ತಿಳಿದುಕೊಂಡು ಹೋಗಿ. ಇಲ್ಲದಿದ್ದರೆ ಕಾಣುವುದು ಒಂದು ಕಲ್ಲಿನ ಸಿಂಹ ಮತ್ತು ಹತ್ತಿ ಹೊಲ ಅಷ್ಟೇ.

ಹೋಗುವುದು ಕಷ್ಟವಲ್ಲ. ಅಥೆನ್ಸ್‌ನಿಂದ ಕಾರಿನಲ್ಲಿ ಸುಮಾರು 130 ಕಿ.ಮೀ. ಬಾಡಿಗೆ ಕಾರು ತೆಗೆದುಕೊಳ್ಳುವುದಾದರೆ ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಿನಲ್ಲೇ ಆರ್‌ಟಿಒ ಮೂಲಕ ಮಾಡಿಸಿಟ್ಟುಕೊಳ್ಳಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಮೊದಲ ಒಂದು ಗಂಟೆ ಊರಿನ ಟ್ರಾಫಿಕ್ ಇಲ್ಲದ ಕಡೆ ಕೈ ಕುದುರಿಸಿಕೊಂಡರೆ ಒಳ್ಳೆಯದು. ಕಾರು ಬೇಡ ಅನ್ನುವವರಿಗೆ ಊರೂರಿಗೆ ಓಡುವ ಕೆಟೆಲ್ ಬಸ್ ಇದೆ. ಲಿವಾದಿಯಾದಲ್ಲಿ ಇಳಿದು ಟ್ಯಾಕ್ಸಿ ಮಾಡಿ. ಹೋಗಿ, ಕಾದು, ವಾಪಸ್ ಬಿಡುವುದಕ್ಕೆ ಸೇರಿಸಿ ಮೊದಲೇ ದರ ಮಾತಾಡಿಕೊಳ್ಳಿ. ಅಲ್ಲಿಯವರು ಊರಿನ ಹೆಸರನ್ನು ‘ಹೆರೋನಿಯಾ’ ಅನ್ನುತ್ತಾರೆ. ಕೈರೋನಿಯ ಅಂದರೆ ಚಾಲಕರಿಗೆ ತಿಳಿಯದೇ ಹೋಗಬಹುದು.

ಸಿಂಹವನ್ನು ಹುಡುಕಬೇಕಾಗಿಲ್ಲ. ಊರಿನ ಅಂಚಿನಲ್ಲಿ, ಹೆದ್ದಾರಿ ಪಕ್ಕದಲ್ಲೇ, ಸೈಪ್ರಸ್ ಮರಗಳ ನಡುವೆ ಕೂತಿದೆ. ಪೀಠ ಬಿಟ್ಟು ಐದೂವರೆ ಮೀಟರ್ ಹತ್ತಿರ ಎತ್ತರ. 1818ರಲ್ಲಿ ಇಂಗ್ಲೆಂಡಿನ ಕೆಲವು ಪ್ರಯಾಣಿಕರಿಗೆ ಇದು ಮಣ್ಣಿನಲ್ಲಿ ಹೂತು, ತುಂಡುತುಂಡಾಗಿ ಸಿಕ್ಕಿತು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ತುಂಡುಗಳನ್ನು ಜೋಡಿಸಿ ನಿಲ್ಲಿಸಿದರು. ಜೋಡಣೆಯ ಗೆರೆಗಳು ಹತ್ತಿರದಿಂದ ಕಾಣುತ್ತವೆ.

ಈ ಸಿಂಹ ಒಂದು ಸಮಾಧಿಯ ಗುರುತು. 1879–80ರಲ್ಲಿ ಇಲ್ಲಿ ಅಗೆದಾಗ ಆವರಣದೊಳಗೆ 254 ಅಸ್ಥಿಪಂಜರಗಳು ಸಿಕ್ಕವು, ಏಳು ಸಾಲಿನಲ್ಲಿ ಮಲಗಿಸಿದ್ದವು. ಅವು ಥೀಬ್ಸ್‌ನ ‘ಪವಿತ್ರ ದಳ’ದವರದು ಎಂದು ಹೆಚ್ಚಿನ ವಿದ್ವಾಂಸರು ನಂಬುತ್ತಾರೆ, ಒಪ್ಪದವರೂ ಇದ್ದಾರೆ. ಆ ದಳದಲ್ಲಿ 300 ಮಂದಿ. ಹಳೆಯ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಂತೆ ಅವರು ಪರಸ್ಪರ ಪ್ರೀತಿಸಿದ ಗಂಡಸರ ಜೋಡಿಗಳು. ಪ್ರೀತಿಸಿದವನ ಎದುರು ಯಾರೂ ಬೆನ್ನು ತೋರಿಸಿ ಓಡುವುದಿಲ್ಲ ಎಂಬ ನಂಬಿಕೆಯ ಮೇಲೆ ಕಟ್ಟಿದ ದಳ. ಕ್ರಿ.ಪೂ. 371ರಲ್ಲಿ ಲ್ಯೂಕ್ಟ್ರಾದಲ್ಲಿ ಸ್ಪಾರ್ಟಾವನ್ನು ಸೋಲಿಸಿದ ಯುದ್ಧದಲ್ಲಿ ಇವರೂ ಇದ್ದರು. ಇಲ್ಲಿ ನಿಂತ ಜಾಗದಲ್ಲೇ ಸತ್ತರು. ಅವರ ಹೆಣಗಳನ್ನು ನೋಡಿ ಗೆದ್ದ ಫಿಲಿಪ್ ಕಣ್ಣೀರು ಹಾಕಿದ ಎಂದೂ ಪ್ಲುಟಾರ್ಕ್ ಹೇಳುತ್ತಾನೆ. ಸಿಂಹದ ಮೇಲೆ ಬರಹವೇನೂ ಇಲ್ಲ. ಕ್ರಿ.ಶ. 2ನೇ ಶತಮಾನದಲ್ಲಿ ಇಲ್ಲಿಗೆ ಬಂದ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಕೂಡ ಇದನ್ನೇ ಬರೆದಿದ್ದಾನೆ. ಅವರ ಧೈರ್ಯಕ್ಕೆ ತಕ್ಕ ಫಲ ಸಿಗಲಿಲ್ಲ, ಅದಕ್ಕೇ ಬರಹ ಇಲ್ಲ ಅನ್ನಿಸುತ್ತದೆ ಎಂಬುದು ಅವನ ಅಭಿಪ್ರಾಯ. ನನಗೆ ಈ ಮಾತು ಬಹಳ ತಟ್ಟಿತು.

ಪಕ್ಕದಲ್ಲೇ ಸಣ್ಣ ಮ್ಯೂಸಿಯಂ ಇದೆ. ಯುದ್ಧದ ಆಯುಧಗಳನ್ನು ನೋಡಲು ಒಳಗೆ ಹೋಗಲೇಬೇಕು. ಗ್ರೀಸ್‌ನ ಸಣ್ಣ ಮ್ಯೂಸಿಯಂಗಳು ವಾರಕ್ಕೊಂದು ದಿನ ಮುಚ್ಚಿರುತ್ತವೆ, ಮಧ್ಯಾಹ್ನದ ಹೊತ್ತಿಗೇ ಬಾಗಿಲು ಹಾಕುವುದೂ ಉಂಟು. ಹೊರಡುವ ಮೊದಲು ಸಮಯ ಖಚಿತ ಮಾಡಿಕೊಂಡು, ಬೆಳಗ್ಗೆಯೇ ತಲುಪಿ. ಸಿಂಹ ಬಯಲಿನಲ್ಲೇ ಇರುವುದರಿಂದ ಆ ಚಿಂತೆಯಿಲ್ಲ.

ಸಿಂಹದ ಮುಂದೆ ಫೋಟೋ ತೆಗೆದು ವಾಪಸ್ ಹೋದರೆ ಯುದ್ಧಭೂಮಿ ನೋಡಿದಂತೆ ಆಗುವುದಿಲ್ಲ. ರಸ್ತೆ ಮಟ್ಟದಲ್ಲಿ ನಿಂತರೆ ಏನೂ ತಿಳಿಯುವುದಿಲ್ಲ, ಎಲ್ಲ ಸಮತಟ್ಟು. ಊರಿನ ಹಿಂದೆ ಬೆಟ್ಟದ ಬುಡದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಪುಟ್ಟ ರಂಗಮಂದಿರವಿದೆ. ಮೊದಲು ಅಲ್ಲಿಗೆ ಹೋಗಿ. ಆಮೇಲೆ ಬೆಟ್ಟದ ಮೇಲಿನ ಹಳೆಯ ಕೋಟೆಯ ಕಡೆ ಆದಷ್ಟು ಮೇಲಕ್ಕೆ ಹತ್ತಿ. ದಾರಿ ಸರಿಯಿಲ್ಲ, ಕಲ್ಲು ಮತ್ತು ಮುಳ್ಳು ಜಾಸ್ತಿ. ಗಟ್ಟಿ ಶೂ, ಪೂರ್ತಿ ಕಾಲು ಮುಚ್ಚುವ ಪ್ಯಾಂಟ್ ಬೇಕು. ವಯಸ್ಸಾದವರು ರಂಗಮಂದಿರದ ಮೇಲಿನ ಮೆಟ್ಟಿಲಲ್ಲಿ ಕೂತರೂ ಸಾಕು.

ಮೇಲಿನಿಂದ ಯುದ್ಧ ಅರ್ಥವಾಗುತ್ತದೆ. ಈ ಕಡೆ ಬೆಟ್ಟ, ಆ ಕಡೆ ಕೆಫಿಸೋಸ್ ನದಿ, ನಡುವೆ ಕೆಲವೇ ಕಿ.ಮೀ. ಅಗಲದ ಬಯಲು. ದಕ್ಷಿಣಕ್ಕೆ ಇಳಿಯುವ ಸೈನ್ಯ ಇದರೊಳಗೇ ನುಗ್ಗಬೇಕು. ಗ್ರೀಕರು ಬೆಟ್ಟದಿಂದ ನದಿಯವರೆಗೆ ಅಡ್ಡ ನಿಂತರು. ನಿಮ್ಮ ಕಾಲ ಕೆಳಗೆ ಅಥೆನ್ಸ್‌ನವರು, ದೂರದಲ್ಲಿ ನದಿಯ ಹತ್ತಿರ ಥೀಬ್ಸ್‌ನವರು. ಫಿಲಿಪ್ ಬೇಕೆಂದೇ ಹಿಂದೆ ಸರಿದು ಅಥೆನ್ಸ್‌ನವರನ್ನು ಮುಂದಕ್ಕೆ ಎಳೆದ ಎನ್ನುತ್ತಾರೆ. ಸಾಲು ಹಿಗ್ಗಿ ಬಿರುಕು ಬಿಟ್ಟಿತು, ನದಿಯ ಕಡೆ ಅಲೆಕ್ಸಾಂಡರ್ ನುಗ್ಗಿದ. ಅಥೆನ್ಸ್‌ನ ಸಾವಿರಕ್ಕೂ ಹೆಚ್ಚು ಮಂದಿ ಸತ್ತರು, ಸುಮಾರು 2,000 ಮಂದಿ ಸೆರೆಯಾದರು. ಯುದ್ಧ ಬೇಕೆಂದು ಊರೆಲ್ಲ ಒಪ್ಪಿಸಿದ್ದ ಅಥೆನ್ಸ್‌ನ ಭಾಷಣಕಾರ ಡೆಮೊಸ್ತನೀಸ್ ಕೂಡ ಸಾಮಾನ್ಯ ಸಿಪಾಯಿಯಾಗಿ ಈ ಸಾಲಿನಲ್ಲಿದ್ದ. ಯುದ್ಧದ ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಂಡು ಬನ್ನಿ. ಬಯಲಿನ ಜೊತೆ ಹೊಂದಿಸಿ ನೋಡುತ್ತಾ ಒಂದು ಗಂಟೆ ಕೂತರೂ ಬೇಸರವಾಗುವುದಿಲ್ಲ.

ಪ್ಲುಟಾರ್ಕ್ ಇದೇ ಊರಿನವನು. ಊರು ಚಿಕ್ಕದು, ಇನ್ನೂ ಚಿಕ್ಕದಾಗಬಾರದು ಎಂದೇ ಇಲ್ಲಿ ಉಳಿದಿದ್ದೇನೆ ಎಂದು ಬರೆದಿದ್ದ. ಊರಿನ ಚರ್ಚಿನಲ್ಲಿರುವ ಹಳೆಯ ಅಮೃತಶಿಲೆ ಪೀಠವನ್ನು ಅವನ ಕುರ್ಚಿ ಎಂದು ತೋರಿಸುತ್ತಾರೆ.

ಜುಲೈ, ಆಗಸ್ಟ್ ಬೇಡವೇ ಬೇಡ. ಬಯಲಿನಲ್ಲಿ ನೆರಳಿಲ್ಲ. ಏಪ್ರಿಲ್, ಮೇ ಒಳ್ಳೆಯದು, ಬೆಟ್ಟದ ಮೇಲೆ ಕಾಡುಹೂ ಇರುತ್ತದೆ. ನೀರು, ಟೋಪಿ ಜೊತೆಗಿರಲಿ. ಊಟಕ್ಕೆ ಲಿವಾದಿಯಾಕ್ಕೆ ವಾಪಸ್ ಬನ್ನಿ, ಕ್ರಿಯಾ ಬುಗ್ಗೆಗಳ ಪಕ್ಕ ಕೂರಲು ಜಾಗಗಳಿವೆ. ಆ ಊರು ಸುವ್ಲಾಕಿ ಮಾಂಸಕ್ಕೆ ಹೆಸರುವಾಸಿ. ಸಸ್ಯಾಹಾರಿಗಳು ಪಾಲಕ್ ಸೊಪ್ಪಿನ ಸ್ಪನಕೋಪಿತ, ದೊಡ್ಡ ಬಿಳಿ ಕಾಳಿನ ಗಿಗಾಂದೆಸ್, ಬೇಯಿಸಿದ ಸೊಪ್ಪು ಹೋರ್ತಾ ಕೇಳಿ. ‘ನಿಸ್ತಿಸಿಮೊ’ ಅಂದರೆ ಉಪವಾಸದ ಅಡುಗೆ ತೋರಿಸುತ್ತಾರೆ, ಆದರೆ ಅದರಲ್ಲಿ ಸೀಗಡಿ, ಆಕ್ಟೋಪಸ್ ಇರಬಹುದು, ವಿಚಾರಿಸಿಕೊಳ್ಳಿ.

ಸಮಯ ಉಳಿದರೆ ಹತ್ತಿರದ ಓರ್ಖೊಮೆನೋಸ್‌ಗೆ ಹೋಗಿ. ಮೈಸೀನಿಯನ್ ಕಾಲದ (3,000 ವರ್ಷಕ್ಕೂ ಹಿಂದಿನ) ದೊಡ್ಡ ಗೋರಿ ಮತ್ತು 9ನೇ ಶತಮಾನದ ಸ್ಕ್ರಿಪೂ ಚರ್ಚು ಎದುರುಬದುರೇ ಇವೆ. ಕಾರು ಇದ್ದವರು ಸ್ಪಾರ್ಟಾದ 300 ಮಂದಿ ಪರ್ಷಿಯನ್ನರನ್ನು ತಡೆದು ನಿಂತ ಥರ್ಮೊಪೈಲಿಯನ್ನೂ ಅದೇ ದಿನ ಸೇರಿಸಬಹುದು, ಆದರೆ ನಾನಾದರೆ ಓರ್ಖೊಮೆನೋಸ್ ಆರಿಸುತ್ತೇನೆ. ಬಸ್ಸಿನಲ್ಲಿ ಬಂದವರು ಡೆಲ್ಫಿಯ ಕೊನೆಯ ಬಸ್ಸಿನ ಸಮಯವನ್ನು ಬೆಳಗ್ಗೆಯೇ ಲಿವಾದಿಯಾ ನಿಲ್ದಾಣದಲ್ಲಿ ಕೇಳಿ ಬರೆದುಕೊಳ್ಳಿ. ಭಾನುವಾರವಾದರೆ ತಪ್ಪದೇ ಕೇಳಿ.