ಗಲಭೆ ಮಾಡಿದವರಿಗೂ ಮಾತಾಡಲು ಬಿಡಬೇಕೇ?

2021ರ ಜನವರಿ 6ರಂದು ಮಧ್ಯಾಹ್ನ ಎರಡು ಗಂಟೆ ಕಳೆದ ಮೇಲೆ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸಂಸತ್ತು ಸೇರುವ ಕ್ಯಾಪಿಟಲ್ ಭವನದ ಕಿಟಕಿ ಒಡೆದು ಜನ ಒಳನುಗ್ಗಿದಾಗ ನಮ್ಮ ಕಾಸರಗೋಡಿನಲ್ಲಿ ನಡುರಾತ್ರಿ ದಾಟಿತ್ತು. ಬೆಳಿಗ್ಗೆ ಎದ್ದವರು ಮೊಬೈಲಿಗೆ ಬಂದ ತುಣುಕುಗಳನ್ನು ನೋಡಿದರು, ತಲೆಗೆ ಕೋಡು ಕಟ್ಟಿಕೊಂಡಿದ್ದವನ ಚಿತ್ರವನ್ನು ಒಬ್ಬರಿಗೊಬ್ಬರು ಕಳುಹಿಸಿಕೊಂಡರು, ಹೊರಗಿನ ಗುಂಪಿನಲ್ಲಿ ಎಲ್ಲೋ ಒಂದು ಕಡೆ ನಮ್ಮ ತ್ರಿವರ್ಣ ಧ್ವಜವೂ ಹಾರಾಡುತ್ತಿದ್ದುದನ್ನು ಕಂಡು ಅಚ್ಚರಿಪಟ್ಟರು, ಬಳಿಕ ತಮ್ಮ ತಮ್ಮ ಕೆಲಸಕ್ಕೆ ಹೋದರು. ಅದೇ ವರ್ಷದ ಅಕ್ಟೋಬರಿನಲ್ಲಿ ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾದ, ಜೇಮೀ ರಾಬರ್ಟ್ಸ್ ನಿರ್ದೇಶನದ ‘ಫೋರ್ ಅವರ್ಸ್ ಅಟ್ ದ ಕ್ಯಾಪಿಟಲ್’ ಎಂಬ ಸಾಕ್ಷ್ಯಚಿತ್ರವನ್ನು ಇತ್ತೀಚೆಗೆ ನೀರ್ಚಾಲಿನ ಸಮೀಪದ ಗೆಳೆಯರೊಬ್ಬರ ಮನೆಯ ಚಾವಡಿಯಲ್ಲಿ ಕೆಲವರು ಒಟ್ಟಾಗಿ ನೋಡಿದೆವು. ಚಿತ್ರ ಸುಮಾರು ಒಂದೂವರೆ ಗಂಟೆಯದ್ದು. ಅದರ ಮೇಲಿನ ಮಾತುಕತೆ ಅದಕ್ಕಿಂತ ಬಹಳ ಹೊತ್ತು ನಡೆಯಿತು. ನೋಡಿದವರಲ್ಲಿ ಎಲ್ಲ ಪಕ್ಷದವರೂ ಇದ್ದುದರಿಂದ ಆ ಮಾತುಗಳನ್ನು ಬರೆದಿಡುವುದು ಅಗತ್ಯವೆಂದು ನನಗೆ ತೋರಿತು.

ಅಂದಿನ ಘಟನೆಯ ಹಿನ್ನೆಲೆ ಇಷ್ಟು. 2020ರ ನವೆಂಬರಿನ ಚುನಾವಣೆಯಲ್ಲಿ ಜೋ ಬೈಡನ್ ಅವರಿಗೆ 306, ಅಧಿಕಾರದಲ್ಲಿದ್ದ ಡೊನಾಲ್ಡ್ ಟ್ರಂಪ್ ಅವರಿಗೆ 232 ಎಲೆಕ್ಟರ್ ಮತಗಳು, ಅಂದರೆ ರಾಜ್ಯಗಳ ಪರವಾಗಿ ಆಯ್ಕೆಯಾದ ಪ್ರತಿನಿಧಿಗಳ ಮತಗಳು, ಬಂದಿದ್ದವು. ಸಂಸತ್ತಿನ ಎರಡೂ ಸದನಗಳು ಒಟ್ಟಿಗೆ ಕುಳಿತು ಈ ಮತಗಳನ್ನು ಎಣಿಸಿ ಫಲಿತಾಂಶವನ್ನು ಅಧಿಕೃತಗೊಳಿಸುವ ದಿನ ಜನವರಿ 6. ಅದನ್ನು ನಡೆಸಿಕೊಡಬೇಕಾಗಿದ್ದವರು ಉಪಾಧ್ಯಕ್ಷ ಮೈಕ್ ಪೆನ್ಸ್. ಚುನಾವಣೆಯನ್ನು ತನ್ನಿಂದ ಕದ್ದಿದ್ದಾರೆಂದು ಟ್ರಂಪ್ ಅಂದು ಸಭೆಯೊಂದರಲ್ಲಿ ಮತ್ತೆ ಹೇಳಿದರು, ಕ್ಯಾಪಿಟಲ್ ಕಡೆಗೆ ಹೋಗುವಂತೆ ಜನರಿಗೆ ಕರೆಕೊಟ್ಟರು. ಗುಂಪು ಒಳಹೊಕ್ಕಾಗ ಸದಸ್ಯರು ಕುರ್ಚಿಗಳ ಹಿಂದೆ ಅಡಗಿದರು, ಪೆನ್ಸ್ ಅವರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲಾಯಿತು, ಸಭಾಧ್ಯಕ್ಷರ ಪಡಸಾಲೆಯ ಒಡೆದ ಬಾಗಿಲಿನಿಂದ ನುಗ್ಗಲು ಹೋದ ಮಹಿಳೆಯೊಬ್ಬರು ಪೊಲೀಸ್ ಗುಂಡಿಗೆ ಬಲಿಯಾದರು. ಸುಮಾರು 140 ಪೊಲೀಸರು ಗಾಯಗೊಂಡರು. ರಾತ್ರಿ ಮತ್ತೆ ಸೇರಿದ ಸಂಸತ್ತು ಎಣಿಕೆಯನ್ನು ಮುಗಿಸಿದ್ದು ಮರುದಿನ ನಸುಕಿನಲ್ಲಿ.

“ಅಮೆರಿಕದಲ್ಲೇ ಹೀಗಾದ್ರೆ ಇನ್ನು ನಮ್ಮದೆಂತ” ಎಂಬ ಮಾತು ಎಲ್ಲಕ್ಕಿಂತ ಮೊದಲು ಬಂತು. ಅದನ್ನು ಹೇಳಿದವರ ದನಿಯಲ್ಲಿ ಒಂದು ಬಗೆಯ ನೆಮ್ಮದಿಯಿತ್ತು. ಬೇರೆಯವರ ಮನೆ ಸೋರುವುದನ್ನು ಕಂಡು ನಮ್ಮ ಮಾಡಿನ ತೂತನ್ನು ಮರೆಯುವ ಈ ನೆಮ್ಮದಿಯ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಕಾಲೇಜಿಗೆ ಹೋಗುವ ಹುಡುಗರು ಮೊದಲ ಅರ್ಧ ಗಂಟೆ ನಗುತ್ತಿದ್ದರು. ವೇಷಗಳು, ಬಾವುಟಗಳು, ಸೆಲ್ಫಿಗಳು ಅವರಿಗೆ ನಾಟಕದಂತೆ ಕಂಡಿರಬೇಕು. ಅದೇ ಬಾವುಟದ ಕೋಲಿನಿಂದ ಪೊಲೀಸರಿಗೆ ಹೊಡೆಯುವುದನ್ನು ಕಂಡಮೇಲೆ ಅವರು ನಗಲಿಲ್ಲ.

ಮನೆಯ ಯಜಮಾನರ ಅತ್ತಿಗೆಯ ತಮ್ಮ ಕೇರಳ ಪೊಲೀಸಿನಲ್ಲಿದ್ದಾನೆ. ಚಿತ್ರದಲ್ಲಿ ಬೇರೆ ಯಾರೂ ಗಮನಿಸದ ಒಂದು ಸಂಗತಿಯನ್ನು ಆ ಅತ್ತಿಗೆ ಗಮನಿಸಿದರು. “ಮುಂದಿನ ಸಾಲಿನಲ್ಲಿ ನಿಂತವರಿಗೆ ಹೆಲ್ಮೆಟ್ ಸಹ ಇಲ್ಲ, ನೋಡಿ. ಎದುರಿಗೆ ಸೈಕಲ್ ನಿಲ್ಲಿಸುವ ಕಂಬಿಯಂಥದ್ದು ಒಂದು ಅಡ್ಡ ಇಟ್ಟಿದ್ದಾರೆ, ಅಷ್ಟೆ” ಎಂದರು. ನಿಜಕ್ಕೂ ಅವು ಸೈಕಲ್ ನಿಲ್ಲಿಸುವ ಕಂಬಿಗಳೇ. ಗುಂಪು ಅವನ್ನು ನೋಡುನೋಡುತ್ತಿದ್ದಂತೆ ಎತ್ತಿ ಪೊಲೀಸರ ಮೇಲೆಯೇ ದೂಡಿತು. ಪಶ್ಚಿಮದ ಕಡೆಯ ಸುರಂಗದಂಥ ಬಾಗಿಲಿನಲ್ಲಿ ಡೇನಿಯಲ್ ಹಾಡ್ಜಸ್ ಎಂಬ ಪೊಲೀಸ್ ಗುಂಪಿಗೂ ಬಾಗಿಲಿನ ಚೌಕಟ್ಟಿಗೂ ನಡುವೆ ಸಿಕ್ಕಿಹಾಕಿಕೊಂಡು, ಬಾಯಿಯಲ್ಲಿ ರಕ್ತ ಬರುತ್ತ, ಕೈಯಾಡಿಸಲಾಗದೆ ಕಿರುಚುವ ದೃಶ್ಯವಿದೆ. ಮೈಕೆಲ್ ಫನೋನ್ ಎಂಬ ಇನ್ನೊಬ್ಬರನ್ನು ಗುಂಪು ಎಳೆದುಕೊಂಡು ಹೋಗಿ ಹೊಡೆದು, ವಿದ್ಯುತ್ ಆಘಾತ ಕೊಟ್ಟಾಗ ಅವರು ತನಗೆ ಮಕ್ಕಳಿದ್ದಾರೆಂದು ಕೂಗಿಕೊಂಡರು. ಅಂದು ಕರ್ತವ್ಯದಲ್ಲಿದ್ದ ಪೊಲೀಸರಲ್ಲಿ ನಾಲ್ವರು ಮುಂದಿನ ತಿಂಗಳುಗಳಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಹರತಾಳದ ದಿನ ಪೊಲೀಸಿನಲ್ಲಿರುವ ತಮ್ಮನು ಡ್ಯೂಟಿಯಿಂದ ಫೋನ್ ಮಾಡುವವರೆಗೆ ಅಮ್ಮ ಅನ್ನದ ಬಟ್ಟಲಿಗೆ ಕೈಹಾಕುವುದಿಲ್ಲವೆಂದು ಅತ್ತಿಗೆ ಹೇಳಿದ ಮೇಲೆ, ಪೊಲೀಸರ ಬಗ್ಗೆ ಸದಾ ಕಟುವಾಗಿ ಮಾತಾಡುವ ಇಬ್ಬರು ಗೆಳೆಯರೂ ಆ ಕುರಿತು ಎದುರಾಡಲಿಲ್ಲ.

ದೊಡ್ಡ ಜಗಳ ಎದ್ದದ್ದು ಬೇರೆ ವಿಷಯಕ್ಕೆ. ಈ ಚಿತ್ರದಲ್ಲಿ ಪೊಲೀಸರು ಮತ್ತು ಸಂಸತ್ ಸದಸ್ಯರು ಮಾತಾಡುವಂತೆಯೇ ಅಂದು ಗುಂಪಿನಲ್ಲಿದ್ದವರೂ ಮಾತಾಡುತ್ತಾರೆ. ಅವರಲ್ಲಿ ಕೆಲವರು ಪಶ್ಚಾತ್ತಾಪದ ಸುಳಿವೂ ಇಲ್ಲದೆ ತಮ್ಮ ದಿನವನ್ನು ವಿವರಿಸುತ್ತಾರೆ. ನಿವೃತ್ತ ಮಾಷ್ಟ್ರೊಬ್ಬರಿಗೆ ಇದನ್ನು ಸಹಿಸಲಾಗಲಿಲ್ಲ. “ತಪ್ಪು ಮಾಡಿದವನನ್ನು ಕುರ್ಚಿಯಲ್ಲಿ ಕೂರಿಸಿ, ಬೆಳಕು ಬಿಟ್ಟು ಮಾತಾಡಿಸುವುದೆಂದರೆ ಅವನಿಗೆ ಮರ್ಯಾದೆ ಕೊಟ್ಟ ಹಾಗೆ ಅಲ್ವಾ? ಇದನ್ನು ನೋಡಿದ ಮಕ್ಕಳು ಎರಡೂ ಕಡೆಯಲ್ಲಿ ಸ್ವಲ್ಪ ಸ್ವಲ್ಪ ಸರಿಯಿದೆ ಅಂತ ತಿಳಿಯುತ್ತಾರೆ” ಎಂಬುದು ಅವರ ವಾದ. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಲವತ್ತು ವರ್ಷದ ಹಿಂದಿನ ಶಿಷ್ಯರ ಹೆಸರನ್ನೂ ನೆನಪಿಟ್ಟುಕೊಂಡಿರುವ, ಮಕ್ಕಳ ಮನಸ್ಸು ಯಾವ ಮಾತಿಗೆ ಹೇಗೆ ವಾಲುತ್ತದೆಂದು ಬಲ್ಲ ಮನುಷ್ಯ ಅವರು.

ಅವರಿಗೆ ಉತ್ತರ ಕೊಟ್ಟವರು ಹಿಂದೆ ಪಂಚಾಯತು ಸದಸ್ಯೆಯಾಗಿದ್ದ ಅಕ್ಕ. “ಮಾಷ್ಟ್ರೇ, ಅವರು ಹೇಳಿದ್ದರಲ್ಲಿ ನನಗೆ ಒಂದೂ ಹೊಸತು ಕಾಣ್ಲಿಲ್ಲ. ಹರತಾಳದ ದಿನ ನಮ್ಮ ಪೇಟೆಯಲ್ಲಿ ಅಂಗಡಿ ಮುಚ್ಚಿಸಿದವರು ಮರುದಿನ ನನ್ನ ಹತ್ರ ಇದನ್ನೇ ಹೇಳಿದ್ದು. ಕಲ್ಲು ಬಿಸಾಡಿದ್ದು ಹೊರಗಿನವರು, ನಾನು ಜನರೊಟ್ಟಿಗೆ ಇದ್ದೆ ಅಷ್ಟೆ, ನಮ್ಮ ಮಾತು ಯಾರೂ ಕೇಳುವುದಿಲ್ಲವಲ್ಲ ಅಂತ. ಅವರೆಲ್ಲ ನಮ್ಮ ಮನೆಗೆ ಮದುವೆ ಕಾಗದ ಕೊಡ್ಲಿಕ್ಕೆ ಬರುವವರೇ” ಎಂದರು. ಚಿತ್ರದ ಬಗ್ಗೆ ಅಂದು ಬಂದ ಮಾತುಗಳಲ್ಲಿ ಇದೇ ಅತ್ಯಂತ ಬೆಲೆಯುಳ್ಳದ್ದೆಂದು ನಾನು ನಂಬುತ್ತೇನೆ. ಗಲಭೆ ಮಾಡಿದವನ ಬಾಯಿಯನ್ನು ಕತ್ತರಿಸಿ ತೆಗೆದರೆ ಉಳಿಯುವುದು ಕೋಡು, ಕಂಬಿ, ಕೂಗು ಮಾತ್ರ. ಆಗ ನಾವು ಅದನ್ನು ನೋಡಿ, ಅವರು ಬೇರೆ ಜಾತಿಯ ಮನುಷ್ಯರೆಂದುಕೊಂಡು ಎದ್ದು ಹೋಗಬಹುದು. ಅವನು ಮಾತಾಡಿದಾಗಲೇ ಆ ಮಾತು ನಮ್ಮ ಬಾಯಲ್ಲೂ ಇರುವುದು ಗೊತ್ತಾಗುವುದು.

ಆ ಮಾತು ನಮ್ಮಲ್ಲೂ ಇದೆಯೆಂಬುದಕ್ಕೆ ದೂರ ಹೋಗಬೇಕಾಗಿರಲಿಲ್ಲ, ಮಂಜೇಶ್ವರದ ಪ್ರಸ್ತಾಪ ತಾನಾಗಿಯೇ ಬಂತು. 2016ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಮುಸ್ಲಿಂ ಲೀಗಿನ ಪಿ. ಬಿ. ಅಬ್ದುಲ್ ರಝಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು ಕೇವಲ 89 ಮತಗಳಿಂದ. 89 ಎಂದರೆ ಒಂದು ಮದುವೆ ದಿಬ್ಬಣದಷ್ಟು ಜನವೂ ಅಲ್ಲ. ಕಳ್ಳವೋಟು ಬಿದ್ದಿದೆಯೆಂದು ಸೋತ ಕಡೆಯವರು ನಂಬಿದರು, ಇಂದಿಗೂ ನಂಬುವವರು ನಮ್ಮ ಚಾವಡಿಯಲ್ಲೇ ಇದ್ದರು. ಗೆದ್ದ ಕಡೆಯವರಿಗೆ ಆ ಆರೋಪ ಜನರ ತೀರ್ಪಿಗೆ ಮಾಡಿದ ಅವಮಾನವಾಗಿ ಕಂಡಿತು, ಅವರೂ ಅಲ್ಲೇ ಇದ್ದರು. ಆದರೆ ಆ ಜಗಳ ಹೋದದ್ದು ಕೇರಳ ಹೈಕೋರ್ಟಿಗೆ. ಅಲ್ಲಿ ಅರ್ಜಿ ವಿಚಾರಣೆಗೆ ಬಂತು, ಸಮಯ ಹಿಡಿಯಿತು, 2018ರ ಅಕ್ಟೋಬರಿನಲ್ಲಿ ಶಾಸಕರು ತೀರಿಕೊಂಡರು, ಮರುವರ್ಷ ಸುರೇಂದ್ರನ್ ಅರ್ಜಿಯನ್ನು ಹಿಂತೆಗೆದುಕೊಂಡರು, ಅದೇ ವರ್ಷ ಉಪಚುನಾವಣೆ ನಡೆಯಿತು. 2021ರಲ್ಲಿ ಅದೇ ಕ್ಷೇತ್ರದಲ್ಲಿ ಅವರು ಮತ್ತೆ ಸೋತದ್ದು 745 ಮತಗಳಿಂದ.

ಇದನ್ನು ಕೇಳಿದ ವ್ಯಾಪಾರಿ ಗೆಳೆಯರೊಬ್ಬರು, ಟ್ರಂಪ್ ಕೂಡ ತಮ್ಮ ಭಾಷಣದಲ್ಲಿ ಶಾಂತಿಯಿಂದ ಹೋಗಿರೆಂದೇ ಹೇಳಿದ್ದರಲ್ಲ ಎಂದು ಕೇಳಿದರು. ಹೇಳಿದ್ದು ನಿಜ. ಶಾಂತಿಯಿಂದ ನಿಮ್ಮ ದನಿ ಕೇಳಿಸಿರಿ ಎಂಬ ಮಾತೂ, ಜೀವ ಬಿಟ್ಟು ಹೋರಾಡದಿದ್ದರೆ ನಿಮಗೆ ದೇಶವೇ ಉಳಿಯದು ಎಂಬರ್ಥದ ಮಾತೂ ಒಂದೇ ಭಾಷಣದಲ್ಲಿ ಇವೆ. ಆದರೆ ಭವನಕ್ಕೆ ಜನ ನುಗ್ಗಿ ಎರಡು ಗಂಟೆ ಕಳೆದ ಮೇಲೆಯೇ, ಮನೆಗೆ ಹೋಗಿರೆಂದು ಹೇಳುವ ಅವರ ವಿಡಿಯೊ ಬಂದದ್ದು. ಆ ವಿಡಿಯೊದಲ್ಲೂ ಚುನಾವಣೆಯನ್ನು ಕದ್ದಿದ್ದಾರೆಂಬ ಮಾತನ್ನು ಅವರು ಬಿಡಲಿಲ್ಲ. ಅಲ್ಲಿಯೂ ಕೋರ್ಟುಗಳಿದ್ದವು. ಫಲಿತಾಂಶವನ್ನು ಪ್ರಶ್ನಿಸಿ ಹೂಡಿದ ಅರುವತ್ತಕ್ಕೂ ಹೆಚ್ಚು ಮೊಕದ್ದಮೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋಗಿದ್ದವು. ಸಂಶಯಪಡುವ ಹಕ್ಕು ಮಂಜೇಶ್ವರದವನಿಗೂ ಉಂಟು, ಪೆನ್ಸಿಲ್ವೇನಿಯಾದವನಿಗೂ ಉಂಟು; ಕೋರ್ಟಿನಲ್ಲಿ ಸೋತಮೇಲೆ ಎಣಿಕೆಯ ಕೋಣೆಗೇ ನುಗ್ಗುವುದು ಆ ಹಕ್ಕಿನೊಳಗೆ ಬರುವುದಿಲ್ಲ.

ಕಯ್ಯೂರಿನ ಮಾತನ್ನು ತಂದವರು ನೀಲೇಶ್ವರದ ಕಡೆ ಬಹುಕಾಲ ಕೆಲಸದಲ್ಲಿದ್ದ ಹಿರಿಯರು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ಎದುರು ಸಿಕ್ಕಿಬಿದ್ದ ಸುಬ್ಬರಾಯನ್ ಎಂಬ ಪೊಲೀಸಿನವ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡದ್ದು, ಅದಕ್ಕಾಗಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದ್ದು ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತಿರುವ ಕತೆ. ಕನ್ನಡಿಗರಿಗೆ ಅದು ನಿರಂಜನರ ‘ಚಿರಸ್ಮರಣೆ’ ಕಾದಂಬರಿಯಿಂದ ಹತ್ತಿರವಾದದ್ದು. ಹಾಗಾದರೆ ಕಯ್ಯೂರಿನವರನ್ನೂ ಗಲಭೆಕೋರರೆನ್ನುತ್ತೀರಾ ಎಂದು ಹುಡುಗನೊಬ್ಬ ಕೇಳಿದ. ಹಿರಿಯರು ಸಿಟ್ಟಾಗಲಿಲ್ಲ. ಕಯ್ಯೂರಿನ ರೈತನಿಗೆ ಜಮೀನ್ದಾರನ ಅಂಗಳದಲ್ಲಿ ದನಿಯಿರಲಿಲ್ಲ, ಬ್ರಿಟಿಷರ ಆಡಳಿತದಲ್ಲಿ ಅವನನ್ನು ಕೇಳುವವರಿರಲಿಲ್ಲ. ಕ್ಯಾಪಿಟಲ್ಲಿಗೆ ನುಗ್ಗಿದವನು ಮತ ಹಾಕಿ, ಆ ಮತ ಎಣಿಕೆಯಾಗಿ, ಸೋತು ಬಂದವನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂದು ಅವರು ವಿವರಿಸಿದರು, ನಾನೂ ಅದನ್ನು ಒಪ್ಪುತ್ತೇನೆ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಗಲ್ಲಿಗೇರಿದವರ ಮನೆ, ತಾಯಿ, ಊರು ಎಲ್ಲದರ ಬಗ್ಗೆ ತಾವು ಓದಿದ್ದು ಬಹಳ, ಹೊಳೆಯಲ್ಲಿ ಸತ್ತವನ ಮನೆ ಯಾವ ಊರಿನಲ್ಲಿತ್ತೆಂದು ತಮಗೆ ಕೇಳಬೇಕೆಂದು ತೋಚಿದ್ದು ಈ ಚಿತ್ರದಲ್ಲಿ ಹಾಡ್ಜಸನ ಮುಖ ನೋಡಿದಾಗಲೇ ಎಂದರು. ಬದುಕಿಡೀ ಕೆಂಬಾವುಟ ಹಿಡಿದ ಅವರು ಈ ಮಾತನ್ನು ಎಲ್ಲರ ಎದುರು ಹೇಳಿದ್ದಕ್ಕೆ ನನಗೆ ಅವರ ಮೇಲಿದ್ದ ಗೌರವ ಇನ್ನೂ ಹೆಚ್ಚಿದೆ.

ಚಿತ್ರ ತಯಾರಾದದ್ದು 2021ರಲ್ಲಿ. ಆಗ ಮೊಕದ್ದಮೆಗಳು ಇನ್ನೂ ಆರಂಭದ ಹಂತದಲ್ಲಿದ್ದವು. ಇವರಿಗೆಲ್ಲ ಕೊನೆಗೆ ಏನಾಯಿತೆಂದು ಹುಡುಗರು ಕೇಳಿದಾಗ ಹೇಳಬೇಕಾಯಿತು: 1,500ಕ್ಕೂ ಹೆಚ್ಚು ಮಂದಿಯ ಮೇಲೆ ಪ್ರಕರಣಗಳು ದಾಖಲಾದವು, ಸಂಚಿನ ಮುಖಂಡರಲ್ಲಿ ಎನ್ರೀಕೆ ಟಾರ್ರಿಯೊಗೆ 22 ವರ್ಷ, ಸ್ಟುವರ್ಟ್ ರೋಡ್ಸ್‌ಗೆ 18 ವರ್ಷ ಶಿಕ್ಷೆಯಾಯಿತು, 2025ರ ಜನವರಿ 20ರಂದು ಮತ್ತೆ ಅಧ್ಯಕ್ಷರಾದ ಟ್ರಂಪ್ ಅದೇ ದಿನ 14 ಮಂದಿಯ ಶಿಕ್ಷೆಯನ್ನು ಮೊಟಕುಗೊಳಿಸಿ, ಅಪರಾಧಿಗಳೆಂದು ತೀರ್ಪಾಗಿದ್ದ ಉಳಿದೆಲ್ಲರಿಗೂ ಕ್ಷಮಾದಾನ ಕೊಟ್ಟರು. ಹಾಗಾದರೆ ಎಂತ ಪ್ರಯೋಜನ ಎಂಬ ಪ್ರಶ್ನೆ ಸಹಜವಾಗಿಯೇ ಬಂತು. ನಮ್ಮಲ್ಲಿಯೂ ಶಬರಿಮಲೆ ಮತ್ತು ಪೌರತ್ವ ಕಾಯಿದೆಯ ಪ್ರತಿಭಟನೆಗಳಿಗೆ ಸಂಬಂಧಿಸಿದ ಗಂಭೀರವಲ್ಲದ ಪ್ರಕರಣಗಳನ್ನು ಹಿಂತೆಗೆದುಕೊಳ್ಳಲು 2021ರ ಫೆಬ್ರವರಿಯಲ್ಲಿ, ಚುನಾವಣೆಗೆ ಸ್ವಲ್ಪ ಮುಂಚೆ, ರಾಜ್ಯ ಸಂಪುಟ ತೀರ್ಮಾನಿಸಿತ್ತೆಂದು ಅಕ್ಕ ನೆನಪಿಸಿದರು. ಅಳತೆ ಬೇರೆ, ಅಪರಾಧದ ತೂಕ ಬೇರೆ. ಹಾಗಿದ್ದರೂ ಪ್ರಕರಣವನ್ನು ಸರಕಾರ ಅಳಿಸಬಹುದೆಂಬುದು ಎರಡೂ ಕಡೆ ನಿಜವಾದ್ದರಿಂದ, ಕ್ಯಾಮೆರಾ ಕಂಡದ್ದು ಉಳಿಯಬೇಕಾದ ಅಗತ್ಯ ಹೆಚ್ಚು. ಆ ಗುಂಪಿನವರು ತಮ್ಮ ಬಾಯಿಂದಲೇ ಹೇಳಿಕೊಂಡದ್ದನ್ನು ಯಾವ ಕ್ಷಮಾದಾನವೂ ಇಲ್ಲವೆನಿಸಲಾರದು. ಮಾಷ್ಟ್ರ ಆಕ್ಷೇಪಕ್ಕೆ ನನ್ನ ಉತ್ತರವೂ ಇದೇ.

ಆದರೆ ಚಿತ್ರದಲ್ಲಿ ನನಗೆ ದೊಡ್ಡ ಕೊರತೆಯಾಗಿ ಕಂಡದ್ದು ಒಂದಿದೆ. ಕತೆಯನ್ನು ನಾಲ್ಕು ಗಂಟೆಗಳ ಒಳಗೇ ಬಿಗಿದುದರಿಂದ, ವಿಷಯ ಗೊತ್ತಿಲ್ಲದ ನೋಡುಗನಿಗೆ ಆ ಸಿಟ್ಟು ಅಂದೇ ಹುಟ್ಟಿತೆಂದು ತೋರುತ್ತದೆ. ಅದರ ಹಿಂದಿನ ಎರಡು ತಿಂಗಳಲ್ಲಿ ಬಿದ್ದುಹೋದ ಮೊಕದ್ದಮೆಗಳು, ಜನವರಿ 6ಕ್ಕೆ ಬನ್ನಿರೆಂದು ಡಿಸೆಂಬರ್ 19ರಂದು ಟ್ರಂಪ್ ಕೊಟ್ಟ ಕರೆ, 11,780 ಮತಗಳನ್ನು ಹುಡುಕಿಕೊಡಬೇಕೆಂದು ಜಾರ್ಜಿಯಾದ ಚುನಾವಣಾಧಿಕಾರಿಗೆ ಜನವರಿ 2ರಂದು ಮಾಡಿದ ಫೋನ್ ಇವೆಲ್ಲ ತಿಳಿಯದಿದ್ದರೆ, ಗುಂಪಿನವರ ಮಾತು ನಿಜಕ್ಕೂ ಮಾಷ್ಟ್ರು ಹೆದರಿದ ಹಾಗೆಯೇ ಕೇಳಿಸುತ್ತದೆ. ಆದ್ದರಿಂದ ಪೆರ್ಲದ ಗೆಳೆಯರಿಗೆ ಇದನ್ನು ತೋರಿಸುವಾಗ ಮೊದಲು ಈ ಸಂಗತಿಗಳನ್ನು ಕನ್ನಡದಲ್ಲಿ ಓದಿಹೇಳಿ, ಬಳಿಕವೇ ಚಿತ್ರ ಹಾಕಬೇಕೆಂದು ತೀರ್ಮಾನಿಸಿದ್ದೇವೆ. ಆ ಟಿಪ್ಪಣಿಯನ್ನು ಬರೆದುಕೊಡಲು ಮಾಷ್ಟ್ರೇ ಒಪ್ಪಿದ್ದಾರೆ. ಗಲಭೆ ಮಾಡಿದವರ ಸಂದರ್ಶನಗಳ ಬಗ್ಗೆ ತಮ್ಮ ಆಕ್ಷೇಪವನ್ನೂ ಅದರಲ್ಲಿ ಸೇರಿಸುವುದಾಗಿ ಹೇಳಿದ್ದಾರೆ, ಸೇರಿಸಲಿ. ನೋಡುವವರು ಅದನ್ನೂ ಕೇಳಿಯೇ ನೋಡಲಿ.